ಬೈಕು ಅಡ್ಡ ಹೋದಾಗ ಹೀರೋ ಏನು ಮಾಡ್ತಾನೆ?

ಬರ್ತಾನೆ ಹೀರೋ! ದೂರದಲ್ಲಿ ಚುಕ್ಕಿಯಂತೆ ಕಂಡ ಬೈಕು ನೋಡನೋಡುತ್ತಲೇ ದೊಡ್ಡದಾಗಿ, ವಿಲನ್ ಕಾರಿನ ಮುಂದೆ ಸರ್ರನೆ ಅಡ್ಡ ತಿರುಗಿ, ಅರ್ಧಚಂದ್ರಾಕಾರವಾಗಿ ಧೂಳೆಬ್ಬಿಸಿ ನಿಲ್ಲುತ್ತದೆ. ಹೀರೋ ನಿಧಾನವಾಗಿ ಕನ್ನಡಕ ತೆಗೀತಾನೆ. ಅಷ್ಟು ಹೊತ್ತಿಗೆ ಗಾಂಧಿ ಕ್ಲಾಸಿನಲ್ಲಿ ಎದ್ದ ಶಿಳ್ಳೆ ಬಾಲ್ಕನಿ ಮುಟ್ಟಿರುತ್ತೆ!

ಆ ಶಿಳ್ಳೆ ನಾನೂ ಹೊಡೆದವನೇ. ಈಗಲೂ ಹೊಡೀತೀನಿ, ಅದರಲ್ಲಿ ನಾಚಿಕೆ ಏನು? ಆದರೆ ಆ ಎರಡು ಸೆಕೆಂಡಿನಲ್ಲಿ ಬೈಕಿನ ಮೇಲೆ ಕೂತವನ ಬಲಗೈ ಏನು ಮಾಡುತ್ತಿತ್ತು, ಎಡಗಾಲು ಎಲ್ಲಿತ್ತು, ಕಣ್ಣು ಯಾವ ಕಡೆ ಇತ್ತು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ಬ್ರೇಕ್ ಒತ್ತಿದರೆ ಸಾಕು, ಮಿಕ್ಕಿದ್ದನ್ನು ಗಾಡಿಯೇ ನೋಡಿಕೊಳ್ಳುತ್ತೆ ಅಂತ ತಿಳಿದಿರುವ ಪಡ್ಡೆ ಹುಡುಗರೇ ಜಾಸ್ತಿ. ಹಾಗೆ ತಿಳಿದು ಭಾನುವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಪ್ರಯೋಗಕ್ಕೆ ಇಳಿದವರನ್ನು ನೋಡಬೇಕಾದರೆ ಯಾವುದಾದರೂ ಆಸ್ಪತ್ರೆಯ ಮೂಳೆ ವಾರ್ಡಿಗೆ ಹೋಗಿ. ಅಲ್ಲಿ ಶಿಳ್ಳೆ ಹೊಡೆಯುವವರು ಯಾರೂ ಇರೋದಿಲ್ಲ.

ಇದನ್ನು ಕಲಿಸೋ ಮೇಷ್ಟ್ರುಗಳಿದ್ದಾರೆ, ಪಾಠ ಇದೆ, ಮೈದಾನ ಇದೆ ಅಂದರೆ ನಂಬ್ತೀರಾ? ಅದೂ ನಮ್ಮ ಕೋಲಾರದ ಕೆಂಪು ಮಣ್ಣಿನಲ್ಲೇ! ಅಲ್ಲಿಗೆ ಆಮೇಲೆ ಬರ್ತೀನಿ. ಅದಕ್ಕೆ ಮೊದಲು ಒಂದು ಗೊಂದಲ ಬಗೆಹರಿಯಬೇಕು.

ಜಾರೋದು ಎರಡು ಥರ!

ತೆರೆಯ ಮೇಲೆ ಬೈಕು ಜಾರುವುದು ಎರಡು ಬಗೆ. ಒಂದರಲ್ಲಿ ಗಾಡಿ ಬೀಳುವುದಿಲ್ಲ. ಹಿಂದಿನ ಚಕ್ರ ಮಾತ್ರ ಹೊರಕ್ಕೆ ಜಾರುತ್ತೆ, ಮುಂದಿನ ಚಕ್ರ ದಾರಿ ಹಿಡಿದಿರುತ್ತೆ, ಸವಾರ ಮೇಲೆ ಕೂತೇ ಇರ್ತಾನೆ. ಇನ್ನೊಂದರಲ್ಲಿ ಗಾಡಿಯನ್ನು ಬೇಕಂತಲೇ ಮಲಗಿಸಿ, ಸವಾರನೂ ಅದರ ಜೊತೆ ನೆಲದ ಮೇಲೆ ಜಾರಿಕೊಂಡು ಹೋಗ್ತಾನೆ. ಮೊದಲನೆಯದು ಸವಾರಿ. ಎರಡನೆಯದು ಲೆಕ್ಕ ಹಾಕಿ ಬೀಳುವುದು. ಪ್ರೇಕ್ಷಕರಿಗೆ ಎರಡೂ ಒಂದೇ, ಎರಡಕ್ಕೂ ಒಂದೇ ಶಿಳ್ಳೆ. ಆದರೆ ಮಾಡುವವನಿಗೆ ಅವು ಬೇರೆ ಬೇರೆ ಕಸುಬು.

ಮಲಗಿಸುವ ಕಸುಬಿಗೆ ಉದಾಹರಣೆ ಬೇಕಾದರೆ 1968ರ ‘ಬುಲಿಟ್’ ನೋಡಿ. ಸ್ಟೀವ್ ಮೆಕ್ವೀನ್‌ನ ಮಸ್ಟಾಂಗ್ ಕಾರು ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಹಾರಿ ಹಾರಿ ಬೀಳುವ ಆ ಪ್ರಸಿದ್ಧ ಚೇಸ್ ಇದೆಯಲ್ಲ, ಅದರಲ್ಲಿ ಎದುರಿಂದ ಬಂದ ಬೈಕೊಂದು ಮಲಗಿ ಜಾರುತ್ತದೆ. ಅದರ ಮೇಲಿದ್ದವನು ಬಡ್ ಎಕಿನ್ಸ್. ಕ್ಯಾಲಿಫೋರ್ನಿಯಾದಲ್ಲಿ ಟ್ರಯಂಫ್ ಬೈಕುಗಳ ಅಂಗಡಿ ಇಟ್ಟಿದ್ದವನು, ಮೆಕ್ವೀನ್‌ನ ಗೆಳೆಯ. 1963ರ ‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಬೇಲಿಯ ಮೇಲೆ ಬೈಕು ಹಾರಿಸಿದವನೂ ಇವನೇ. ಹಾರಿದ್ದು ಎಕಿನ್ಸ್, ಹೆಸರು ಮೆಕ್ವೀನ್‌ಗೆ! ಆದರೆ ಮೆಕ್ವೀನ್ ಏನೂ ಕಡಿಮೆ ಸವಾರನಲ್ಲ. ಅದೇ ಚಿತ್ರದಲ್ಲಿ ಜರ್ಮನ್ ಸೈನಿಕನ ವೇಷ ಹಾಕಿ ಬೆನ್ನಟ್ಟಿದವನೂ ಅವನೇ. ಅಂದರೆ ಕೆಲವು ಶಾಟ್‌ಗಳಲ್ಲಿ ಅವನು ತನ್ನನ್ನೇ ಬೆನ್ನಟ್ಟಿದ್ದಾನೆ. ಕತ್ತರಿಯ ಮಹಿಮೆ ಅಂದರೆ ಇದು!

ಈಗಿನ ಹುಡುಗರ ತಲೆ ಕೆಡಿಸಿರುವ ಸ್ಲೈಡ್ ಬೇರೆ. 1988ರ ಜಪಾನಿ ಕಾರ್ಟೂನ್ ಚಿತ್ರ ‘ಅಕಿರಾ’ದಲ್ಲಿ ಕೆಂಪು ಬೈಕೊಂದು ಅಡ್ಡಡ್ಡವಾಗಿ ಜಾರಿ ಬಂದು ನಿಲ್ಲುತ್ತದೆ. ಅದನ್ನು ನಕಲು ಮಾಡದ ದೇಶವಿಲ್ಲ. 2022ರ ‘ನೋಪ್’ ಚಿತ್ರದಲ್ಲಿ ನಾಯಕಿಯೂ ಹಾಗೇ ಬಂದು ನಿಂತಳು. ಆದರೆ ಸ್ವಾಮೀ, ‘ಅಕಿರಾ’ದ ಬೈಕು ಕುಂಚದಲ್ಲಿ ಬರೆದದ್ದು. ಅದಕ್ಕೆ ತೂಕವೂ ಇಲ್ಲ, ಟೈರೂ ಇಲ್ಲ. ನಿಮ್ಮ ಮನೆ ಮುಂದೆ ನಿಂತಿರೋದಕ್ಕೆ ಎರಡೂ ಇದೆ.

ನಮ್ಮಲ್ಲಿ 1987ರ ‘ಪ್ರೇಮಲೋಕ’ದಲ್ಲಿ ರವಿಚಂದ್ರನ್ ಬೈಕೇರಿ ಬಂದದ್ದು, ಆಮೇಲೆ 2004ರಲ್ಲಿ ಹಿಂದಿಯ ‘ಧೂಮ್’ ಬಂದದ್ದು, ಇವೆರಡರ ನಂತರ ಯಾವ ಕಾಲೇಜಿನ ಗೇಟಿನ ಮುಂದೆ ಏನೇನಾಯಿತು ಅಂತ ನಾನು ಬರೆಯೋದು ಬೇಡ. ನಿಮಗೇ ಗೊತ್ತು.

ಮಣ್ಣಿನಿಂದ ಬಂದ ಚಾಂಪಿಯನ್ನುಗಳು

ಸವಾರಿಯ ಸ್ಲೈಡ್ ಹುಟ್ಟಿದ್ದು ಸಿನಿಮಾದಲ್ಲಿ ಅಲ್ಲ, ಮಣ್ಣಿನ ರೇಸಿನಲ್ಲಿ. 1923ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್ಲೆಂಡ್ ಎಂಬ ಊರಿನ ಜಾತ್ರೆ ಮೈದಾನದಲ್ಲಿ ದೀಪದ ಬೆಳಕಿನಲ್ಲಿ ನಡೆದ ಬೈಕ್ ರೇಸನ್ನು ‘ಸ್ಪೀಡ್‌ವೇ’ ಆಟದ ಮೊದಲ ಮೆಟ್ಟಿಲು ಅಂತ ಹೇಳುವುದುಂಟು. ನಾಲ್ಕು ಜನ, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೇ. ಸ್ಪೀಡ್‌ವೇ ಬೈಕಿನ ಜಾತಕ ಕೇಳಿ: 500 ಸಿಸಿ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರು, ಬ್ರೇಕೇ ಇಲ್ಲ! ತಿರುವಿನಲ್ಲಿ ವೇಗ ತಗ್ಗಿಸುವುದು ಹೇಗೆ ಅಂದ್ರಾ? ಅಡ್ಡ ಜಾರಿಯೇ ತಗ್ಗಿಸಬೇಕು.

ಇಂಥ ಬೈಕು ತಯಾರಿಸುವುದರಲ್ಲಿ ಲೋಕಪ್ರಸಿದ್ಧವಾದ ಹೆಸರು ಯಾವುದು ಗೊತ್ತೇ? ಜಾವಾ! 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದು, ಮುಂದೆ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ ನಮ್ಮ ಅಪ್ಪ, ಚಿಕ್ಕಪ್ಪಂದಿರನ್ನು ಹೊತ್ತು ತಿರುಗಿದ ಗಾಡಿಗೂ ಇದಕ್ಕೂ ತೌರುಮನೆ ಒಂದೇ, ಚೆಕ್ ದೇಶ. ಅಲ್ಲಿ ಒಬ್ಬಳು ಮಗಳನ್ನು ರೇಸಿಗೆ ಕೊಟ್ಟರು, ಇನ್ನೊಬ್ಬಳನ್ನು ಮೈಸೂರಿಗೆ ಕೊಟ್ಟರು.

ಅಮೆರಿಕದಲ್ಲಿ ಇದರ ದಾಯಾದಿ ಆಟಕ್ಕೆ ‘ಫ್ಲ್ಯಾಟ್ ಟ್ರ್ಯಾಕ್’ ಅಂತ ಹೆಸರು. ಅಲ್ಲಿಂದ ಬಂದವನು ಕೆನ್ನಿ ರಾಬರ್ಟ್ಸ್. 1973 ಮತ್ತು 1974ರಲ್ಲಿ ಅಮೆರಿಕದ ಚಾಂಪಿಯನ್. 1978ರಲ್ಲಿ ಯೂರೋಪಿಗೆ ಹೋಗಿ 500 ಸಿಸಿ ವಿಶ್ವ ಚಾಂಪಿಯನ್ ಪಟ್ಟವನ್ನೇ ಹೊಡೆದ. 1979, 1980ರಲ್ಲೂ ಬಿಡಲಿಲ್ಲ. ಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿಸಿ ಅಭ್ಯಾಸವಿದ್ದ ಅವನಿಗೆ ಟಾರ್ ಟ್ರ್ಯಾಕಿನ ಮೇಲೆ ಚಕ್ರ ಕದಲಿದರೆ ಗಾಬರಿಯೇ ಇಲ್ಲ. ಅವನ ಬೆನ್ನಿಗೇ ಫ್ರೆಡ್ಡಿ ಸ್ಪೆನ್ಸರ್, ಎಡ್ಡಿ ಲಾಸನ್, ವೇಯ್ನ್ ರೈನಿ, ಎಲ್ಲ ಮಣ್ಣಿನ ಮಕ್ಕಳೇ, ಬಂದು ಪಟ್ಟ ಹೊತ್ತುಕೊಂಡು ಹೋದರು. ಇಟಲಿಯ ವ್ಯಾಲೆಂಟಿನೋ ರೊಸ್ಸಿ ತನ್ನ ಊರು ತವುಲಿಯಾದಲ್ಲಿ ಮಣ್ಣಿನ ಟ್ರ್ಯಾಕನ್ನೇ ಕಟ್ಟಿಸಿಕೊಂಡ. ಸುಮ್ಮನೆ ಅಲ್ಲ.

ಮುಳುಗಿಸೋದು ಭಯ

ಹಾಗಾದರೆ ಗುಟ್ಟೇನು? ಕೋಲಾರದ ಕಡೆ ಹೋಗೋಣ ಬನ್ನಿ.

ಬೆಂಗಳೂರಿನ ಸಿ.ಎಸ್. ಸಂತೋಷ್ ಹೆಸರು ಕೇಳಿರ್ತೀರಿ. 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದು ಕೋಮಾಗೆ ಹೋಗಿ, ಮತ್ತೆ ಎದ್ದು ಬಂದವರು. ಕೋಲಾರದ ಬಳಿಯ ‘ಬಿಗ್ ರಾಕ್’ ಮಣ್ಣಿನ ಟ್ರ್ಯಾಕ್ ಅವರದೇ ಕನಸು. ರಾಯಲ್ ಎನ್‌ಫೀಲ್ಡ್ ಕಂಪನಿಯ ‘ಸ್ಲೈಡ್ ಸ್ಕೂಲ್’ ತರಗತಿ ನಡೆದದ್ದೂ ಅಲ್ಲೇ. ನಾನು ಎರಡು ದಿನ ಹೋಗಿ ಕಲಿತದ್ದು ಅದೇ ಸೀಮೆಯ ಇನ್ನೊಂದು ಪುಟ್ಟ ಮೈದಾನದಲ್ಲಿ. ‘ನನ್ನ ಹೆಸರು ಹಾಕಬೇಡ್ರಿ, ಆಮೇಲೆ ರೀಲ್ಸ್ ಮಾಡೋಕೆ ಬರ್ತಾರೆ’ ಅಂತ ಅಲ್ಲಿನ ಮೇಷ್ಟ್ರ ಅಪ್ಪಣೆ. ಆಗಲಿ.

ಬೆಳಿಗ್ಗೆ ಆರೂವರೆಗೆ ನೀರಿನ ಟ್ಯಾಂಕರ್ ಬಂತು. ಟ್ರ್ಯಾಕಿಗೆ ನೀರು ಹಾಯಿಸಿ, ಮೇಷ್ಟ್ರು ಒಂದು ಹಿಡಿ ಮಣ್ಣು ತೆಗೆದು ಅದುಮಿ ನೋಡಿದರು. ಮುಷ್ಟಿಯಲ್ಲಿ ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಬಿತ್ತನೆಗೆ ಹದ ನೋಡೋದಿಲ್ಲವೇ, ಹಾಗೇ. ಒಣಗಿದ್ದರೆ ಬರೀ ಧೂಳು, ಟೈರಿಗೆ ಹಿಡಿತವೇ ಗೊತ್ತಾಗಲ್ಲ. ಕೆಸರಾದರೆ ಮುಂದಿನ ಚಕ್ರವೂ ಕೈ ಕೊಡುತ್ತೆ. ಸಿನಿಮಾದವರು ಧೂಳು ಏಳಲಿ ಅಂತಾರೆ, ಇವರು ಧೂಳು ಏಳಬಾರದು ಅಂತಾರೆ!

ಗಾಡಿಗಳು ಸಣ್ಣವು, ಹಳೆಯವು. ಮುಂದಿನ ಬ್ರೇಕಿನ ಲಿವರ್ ಬಿಚ್ಚಿಟ್ಟಿದ್ದರು. ಹೆದರಿದಾಗ ಕೈ ತಾನಾಗಿ ಅದನ್ನು ಹಿಡಿಯುತ್ತೆ, ಜಾರುವ ಮಣ್ಣಿನಲ್ಲಿ ಹಿಡಿದರೆ ಮುಂದಿನ ಚಕ್ರ ಮಡಚಿಕೊಳ್ಳುತ್ತೆ, ಅದಕ್ಕೆ. ಹೆಲ್ಮೆಟ್ಟು, ಮೊಣಕಾಲು ಮೊಣಕೈಗೆ ಗಾರ್ಡು, ಗಟ್ಟಿ ಬೂಟು, ಗ್ಲೌಸು. ಎಡಗಾಲಿನ ಬೂಟಿನ ಅಡಿಗೆ ಒಂದು ಕಬ್ಬಿಣದ ತಗಡು, ಎತ್ತಿಗೆ ಲಾಳ ಕಟ್ಟಿದ ಹಾಗೆ. ಎಡಕ್ಕೆ ತಿರುಗುವಾಗ ಆ ಕಾಲು ನೆಲದ ಮೇಲೆ ಹಗುರವಾಗಿ ಜಾರುತ್ತಾ ಬರಬೇಕು. ಭಾರ ಹಾಕಿದರೆ ಮಂಡಿ ತಿರುಚಿಕೊಳ್ಳುತ್ತೆ, ಜೋಕೆ.

ಮೊದಲ ಒಂದು ಗಂಟೆ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂರುವ ಪಾಠ. ನಗಬೇಡಿ! ರಸ್ತೆಯಲ್ಲಿ ತಿರುವು ಬಂದರೆ ಗಾಡಿಯ ಜೊತೆ ನಾವೂ ವಾಲ್ತೀವಿ. ಇಲ್ಲಿ ಗಾಡಿಯನ್ನು ಮಾತ್ರ ಕೆಳಕ್ಕೆ ತಳ್ಳಿ, ನಾವು ಸೀಟಿನ ಹೊರ ಅಂಚಿಗೆ ಸರಿದು ನೆಟ್ಟಗೆ ಕೂರಬೇಕು. ಬಲ ಮೊಣಕೈ ಮೇಲಕ್ಕೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಆಚೆ. ಆಮೇಲೆ ಒಂದು ಹಳೆ ಟೈರಿನ ಸುತ್ತ ಫಸ್ಟ್ ಗೇರಿನಲ್ಲಿ ಆಮೆಯಂತೆ ಸುತ್ತೋದು. ಆಮೇಲೆ ನೇರ ದಾರಿಯಲ್ಲಿ ಕ್ಲಚ್ ಹಿಡಿದು, ಇಪ್ಪತ್ತರ ವೇಗದಲ್ಲಿ ಹಿಂದಿನ ಬ್ರೇಕ್ ಮೆಟ್ಟಿ ಚಕ್ರ ಜಾರುವುದು ಹೇಗಿರುತ್ತೆ ಅಂತ ಬರೀ ರುಚಿ ನೋಡೋದು. ಸ್ಲೈಡಿನ ಸುದ್ದಿ ಬಂದದ್ದು ಮಧ್ಯಾಹ್ನ ಮುದ್ದೆ ಊಟ ಆದ ಮೇಲೆಯೇ.

ತಿರುವಿಗೆ ಬರುವಾಗ ರೈಸ್ ಬಿಡಬೇಕು. ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಗಾಡಿ ವಾಲಿಸಿ ಹಿಂದಿನ ಬ್ರೇಕನ್ನು ಮುಟ್ಟಿದರೆ ಹಿಂಭಾಗ ಹೊರಕ್ಕೆ ಜಾರುತ್ತೆ. ಗಾಡಿ ಎಡಕ್ಕೆ ತಿರುಗುತ್ತಿದ್ದರೂ ಹ್ಯಾಂಡಲ್ ಬಲಕ್ಕೆ ತಿರುಗುತ್ತೆ, ತಿರುಗಲು ಬಿಡಬೇಕು. ಈಗ ಬಂತು ನೋಡಿ ಪರೀಕ್ಷೆ. ಹಿಂಭಾಗ ಜಾರಿದ ಕೂಡಲೇ ಹೊಟ್ಟೆಯಲ್ಲಿ ಏನೋ ಜುಂ ಅನ್ನುತ್ತೆ, ಇಡೀ ಮೈ ‘ರೈಸ್ ಬಿಡು, ಬಿಗಿಯಾಗಿ ಹಿಡಿ’ ಅಂತ ಕೂಗುತ್ತೆ. ಮಾಡಬೇಕಾದ್ದು ಅದರ ಉಲ್ಟಾ! ಬ್ರೇಕ್ ಬಿಟ್ಟು, ರೈಸನ್ನು ಮೆಲ್ಲಗೆ ಕೊಟ್ಟು, ಚಕ್ರ ತಿರುಗುತ್ತಲೇ ಜಾರುತ್ತಿರುವಂತೆ ನೋಡಿಕೊಳ್ಳಬೇಕು.

ಜಾರುತ್ತಿರುವ ಚಕ್ರಕ್ಕೆ ಹಠಾತ್ತಾಗಿ ನೆಲ ಸಿಕ್ಕಿದರೆ ಏನಾಗುತ್ತೆ ಗೊತ್ತೇ? ಅಡ್ಡ ಇದ್ದ ಗಾಡಿ ಸ್ಪ್ರಿಂಗಿನಂತೆ ಸೆಟೆದು ನಿಂತು, ಸವಾರನನ್ನು ಹೊರಗಡೆಗೆ, ಮೇಲಕ್ಕೆ ಎಸೆಯುತ್ತೆ. ಇದಕ್ಕೆ ‘ಹೈಸೈಡ್’ ಅಂತಾರೆ. ಒಳಗಡೆಗೆ ಮೆತ್ತಗೆ ಬೀಳುವುದಕ್ಕೆ ‘ಲೋಸೈಡ್’. ಲೋಸೈಡ್‌ನಲ್ಲಿ ಪ್ಯಾಂಟು ಹರಿಯುತ್ತೆ, ಹೈಸೈಡ್‌ನಲ್ಲಿ ಮೂಳೆ ಮುರಿಯುತ್ತೆ. ಹೈಸೈಡ್ ಆಗೋದು ಬಹಳ ಸಲ ಹೇಗೆ? ಹೆದರಿ, ಪಟ್ ಅಂತ ರೈಸ್ ಬಿಟ್ಟಾಗ!

ನಾವು ಏಳು ಜನ ಶಿಷ್ಯರಿದ್ದೆವು. ಬೆಂಗಳೂರಿನ ಕಂಪ್ಯೂಟರ್ ಕಂಪನಿ ಹುಡುಗನೊಬ್ಬ, ಅವನ ಮೈಮೇಲಿನ ಸಾಮಾನು ನಮ್ಮ ಗಾಡಿಗಿಂತ ದುಬಾರಿ. ಧೈರ್ಯವಂತನೇ. ಮೂರನೇ ಸುತ್ತಿಗೇ ಹಿಂಭಾಗ ಚೆನ್ನಾಗಿ ಜಾರಿಸಿದ, ಗಾಬರಿಯಾಗಿ ರೈಸ್ ಬಿಟ್ಟ, ಗಾಡಿ ಒಂದೇ ಏಟಿಗೆ ಒದರಿ ಹಾಕಿತು. ಇಪ್ಪತ್ತೈದರ ವೇಗ, ಹದದ ಮಣ್ಣು, ಮೈತುಂಬ ಗಾರ್ಡು. ಎದ್ದು ಕೂತು ನಕ್ಕ. ಅದೇ ಡಾಂಬರಿನ ಮೇಲೆ ಐವತ್ತರಲ್ಲಿ ಆಗಿದ್ದರೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಅದೇ ಯೋಚನೆ.

ಎಲ್ಲರಿಗಿಂತ ಬೇಗ ಕಲಿತವನು ಯಾರು ಗೊತ್ತೇ? ಚಿಂತಾಮಣಿ ಕಡೆಯ ಹತ್ತೊಂಬತ್ತರ ಹುಡುಗ. ಸಾಲ ತಂದ ಹೆಲ್ಮೆಟ್ಟು, ಮೇಷ್ಟ್ರು ಕೊಟ್ಟ ಬೂಟು. ಎರಡನೇ ಸುತ್ತಿಗೇ ನೀರು ಕುಡಿದ ಹಾಗೆ ಜಾರಿಸಿದ. ಮೇಷ್ಟ್ರಿಗೇ ಆಶ್ಚರ್ಯ.

‘ಎಲ್ಲಿ ಕಲಿತ್ಯೋ?’

‘ಎಲ್ಲೂ ಇಲ್ಲ ಸಾರ್. ಅಪ್ಪನ ಮೊಪೆಡ್ಡಲ್ಲಿ ದಿನಾ ಎರಡು ಕ್ಯಾನ್ ಹಾಲು ಡೈರಿಗೆ ಹಾಕ್ತೀನಿ. ಮಳೆಗಾಲದಲ್ಲಿ ಕೆರೆ ಏರಿ ಮೇಲೆ ಹಿಂದಿನ ಚಕ್ರ ಓಡಾಡ್ತಾನೇ ಇರುತ್ತೆ. ಪಟ್ ಅಂತ ರೈಸ್ ಬಿಟ್ರೆ ಹಾಲು ಚೆಲ್ಲುತ್ತೆ ಸಾರ್. ಚೆಲ್ಲಿದ್ರೆ ನಮ್ಮಪ್ಪ ಸುಮ್ನೆ ಬಿಡಲ್ಲ.’

ಮೇಷ್ಟ್ರು ಮಿಕ್ಕ ಆರು ಜನರ ಕಡೆ ತಿರುಗಿ, ‘ಕೇಳಿಸ್ಕೊಂಡ್ರಲ್ಲ? ಎಲ್ಲರೂ ಹಿಂದೆ ಎರಡು ಕ್ಯಾನ್ ಹಾಲು ಕಟ್ಕೊಂಡಿದ್ದೀವಿ ಅಂತ ತಿಳ್ಕೊಂಡು ಓಡಿಸಿ’ ಅಂದರು. ಆ ಮಾತಿನ ಮೇಲೆಯೇ ನನಗೂ ಸಿಕ್ಕಿತು. ಎರಡನೇ ದಿನ ಸಂಜೆ, ನಾಲ್ಕನೇ ಸುತ್ತು. ಅರ್ಧ ಸೆಕೆಂಡು ಇದ್ದೀತು. ಹಿಂಭಾಗ ಹೊರಗೆ ಹೋಗಿದೆ, ಹ್ಯಾಂಡಲ್ ತಾನೇ ಎದುರು ತಿರುಗಿದೆ, ಬಲಗೈ ಇನ್ನೂ ತೆರೆದೇ ಇದೆ, ಗಾಡಿ ಹಾರಾಡುತ್ತಿಲ್ಲ! ಕೀಚ್ ಅನ್ನುವ ಶಬ್ದವೂ ಇಲ್ಲ. ಮಣ್ಣಿನ ಮೇಲೆ ಟೈರು ಕೀಚ್ ಅನ್ನೋದೇ ಇಲ್ಲ ಸ್ವಾಮೀ, ಅದನ್ನು ಸೇರಿಸೋದು ಡಬ್ಬಿಂಗ್ ಥಿಯೇಟರಿನಲ್ಲಿ.

ಬಿದ್ದವನು ಒಬ್ಬ, ಎದ್ದವನು ಇನ್ನೊಬ್ಬ

ಮಲಗಿಸುವ ಕಸುಬಿನ ಕಥೆ ಕೇಳಲು ಗಾಂಧಿನಗರದ ಟೀ ಅಂಗಡಿಯೊಂದರಲ್ಲಿ ಹಳೆಯ ಫೈಟರ್ ಒಬ್ಬರನ್ನು ಹಿಡಿದೆ. ರೀಲಿನ ಕಾಲದಿಂದ ಡ್ಯೂಪ್ ಹಾಕಿದವರು. ಎಡಗಾಲು ಎಳೆದು ನಡೀತಾರೆ.

‘ಸ್ಪೀಡೆಲ್ಲ ಕ್ಯಾಮೆರಾದ್ದು ಕಣ್ರೀ. ನಾವು ಮೂವತ್ತರಲ್ಲಿ ಬರ್ತಿದ್ವಿ. ಕ್ಯಾಮೆರಾ ಹದಿನೆಂಟು ಫ್ರೇಮಲ್ಲಿ ಓಡಿಸೋರು, ಥಿಯೇಟರಲ್ಲಿ ಇಪ್ಪತ್ನಾಲ್ಕರಲ್ಲಿ ಓಡೋದು. ನಿಮಗೆ ನಲವತ್ತು ಅಂತ ಕಾಣೋದು’ ಅಂದರು. ಜಾರುವ ಜಾಗಕ್ಕೆ ಮರಳು ಚೆಲ್ಲಿ ನೀರು ಹಾಕುತ್ತಿದ್ದರಂತೆ. ಪ್ಯಾಂಟಿನ ಒಳಗೆ ಪ್ಯಾಡು. ಗಾಡಿ ಮಲಗುತ್ತಿದ್ದಂತೆ ಅದನ್ನು ಕಾಲಿನಿಂದ ಮುಂದಕ್ಕೆ ಒದ್ದು, ತಾನು ಹಿಂದೆ ಉಳಿಯಬೇಕು. ಗಾಡಿಯ ಕೆಳಗೆ ಕಾಲು ಸಿಕ್ಕಿದರೆ ಮುಗೀತು. ಅವರ ಕಾಲು ಸಿಕ್ಕಿದ್ದು ಹಾಗೇ. ಆವತ್ತು ಮರಳು ಸಾಲದು ಅಂತ ಇವರು ಹೇಳಿದರೂ ಬೆಳಕು ಹೋಗುತ್ತೆ ಅಂತ ಶಾಟ್ ತೆಗೆದರಂತೆ. ಆಸ್ಪತ್ರೆಗೆ ಒಂದು ಸಲ ಬಂದು ಹೋದ ನಿರ್ಮಾಪಕರು ಮತ್ತೆ ಬರಲಿಲ್ಲ. ಯಾವ ಚಿತ್ರ ಅಂತ ಎಷ್ಟು ಕೇಳಿದರೂ ಅವರು ಬಾಯಿ ಬಿಡಲಿಲ್ಲ.

‘ಶಾಟು ಚೆನ್ನಾಗಿ ಬಂತು. ಬಿದ್ದಿದ್ದು ನಾನು, ಕಟ್ ಮಾಡಿದ್ಮೇಲೆ ಎದ್ದಿದ್ದು ಹೀರೋ. ಶಿಳ್ಳೆ ಬಿತ್ತು’ ಅಂತ ನಕ್ಕರು.

2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಧುಮುಕಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಆ ಸುದ್ದಿ ಬಂದ ದಿನ ಈ ಹಿರಿಯರು ಟೀವಿ ಆರಿಸಿ ಮಲಗಿಬಿಟ್ಟರಂತೆ.

ಡಾಂಬರು ಬೇರೆ ದೇವರು!

ಮಣ್ಣಿನಲ್ಲಿ ಕಲಿತದ್ದನ್ನು ರಸ್ತೆಯಲ್ಲಿ ಮಾಡಬಹುದೇ ಅಂತ ಮೇಷ್ಟ್ರನ್ನು ಕೇಳಿದೆ. ‘ಮಾಡೋದಕ್ಕಲ್ಲ ಸಾರ್, ಆದಾಗ ಹೆದರದೇ ಇರೋದಕ್ಕೆ’ ಅಂದರು. ಮಣ್ಣು ಚಕ್ರವನ್ನು ಹಿಡಿಯೋದೂ ಮೆಲ್ಲಗೆ, ಬಿಡೋದೂ ಮೆಲ್ಲಗೆ. ಒಣ ಡಾಂಬರು ಹಾಗಲ್ಲ. ಬಿಟ್ಟರೆ ಪೂರ್ತಿ ಬಿಡುತ್ತೆ, ಹಿಡಿದರೆ ಗಕ್ಕನೆ ಹಿಡಿಯುತ್ತೆ. ಹೈಸೈಡಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಮೇಲೆ ಎದುರಿಗೆ ಬಸ್ಸು, ಪಕ್ಕದಲ್ಲಿ ಕಲ್ಲು, ದಾರಿಯಲ್ಲಿ ಶಾಲೆಗೆ ಹೋಗೋ ಮಕ್ಕಳು. ಮೋಟಾರು ವಾಹನ ಕಾಯಿದೆಯ 184ನೇ ಸೆಕ್ಷನ್ನಿನಲ್ಲಿ ಇಂಥ ಸವಾರಿಗೆ ಜೈಲೂ ಇದೆ, ದಂಡವೂ ಇದೆ.

ಬೇಡ ಅಂದರೂ ರಸ್ತೆಯಲ್ಲಿ ಜಾರುವ ಸಂದರ್ಭ ಬರುತ್ತೆ. ಮೊದಲ ಮಳೆ ಬಿದ್ದಾಗ ಎಣ್ಣೆ, ಧೂಳು ಎಲ್ಲ ಮೇಲೆ ತೇಲಿರುತ್ತೆ, ಲಾರಿಯಿಂದ ಚೆಲ್ಲಿದ ಜಲ್ಲಿ ತಿರುವಿನಲ್ಲೇ ಕಾದು ಕೂತಿರುತ್ತೆ. ಹಿಂದಿನ ಬ್ರೇಕು ಮೆಟ್ಟಿ ಚಕ್ರ ಲಾಕ್ ಆಯ್ತು, ಗಾಡಿ ಇನ್ನೂ ನೆಟ್ಟಗಿದೆ ಅಂದರೆ ಬ್ರೇಕು ಸಡಿಲಿಸಿ, ಮತ್ತೆ ಮೆಲ್ಲಗೆ ಒತ್ತಿ. ಆಗಲೇ ಹಿಂಭಾಗ ಅಡ್ಡ ಹೋಗಿದ್ದರೆ ಪಟ್ ಅಂತ ಬಿಡಬೇಡಿ, ಬಿಟ್ಟರೆ ಅದೇ ಸ್ಪ್ರಿಂಗು. ಒತ್ತಿದ ಹಾಗೇ ಇರಲಿ, ಕಣ್ಣು ಹೋಗಬೇಕಾದ ಕಡೆ ಇರಲಿ, ಗಾಡಿ ಜಾರಿ ನಿಲ್ಲಲಿ. ಅಡ್ಡಿ ನೋಡಿದರೆ ಅಡ್ಡಿಗೇ ಹೋಗಿ ಗುದ್ದುತ್ತೀರಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ. ಆದರೆ ಎಷ್ಟೋ ಗಾಡಿಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನದು ನಿಮ್ಮ ಪಾದದ ಪುಣ್ಯ. ನಿಮ್ಮದು ಯಾವುದು ಅಂತ ಇವತ್ತೇ ನೋಡಿಕೊಳ್ಳಿ.

ಅಂದ ಹಾಗೆ, ದುಡ್ಡು ಖರ್ಚಿಲ್ಲದೆ ಈ ವಿದ್ಯೆಯನ್ನು ಕಣ್ತುಂಬ ನೋಡಬೇಕಾದರೆ ಒಂದು ಚಿತ್ರವಿದೆ. 1971ರ ‘ಆನ್ ಎನಿ ಸಂಡೇ’, ಬ್ರೂಸ್ ಬ್ರೌನ್ ತೆಗೆದ ಸಾಕ್ಷ್ಯಚಿತ್ರ. ದುಡ್ಡು ಹಾಕಿದವರಲ್ಲಿ ಮೆಕ್ವೀನ್ ಒಬ್ಬ, ಸವಾರಿಗೂ ಇಳಿದಿದ್ದಾನೆ. ಆಸ್ಕರ್ ನಾಮನಿರ್ದೇಶನ ಪಡೆದದ್ದು. ಮರ್ಟ್ ಲಾವಿಲ್ ಎಂಬ ಫ್ಲ್ಯಾಟ್ ಟ್ರ್ಯಾಕ್ ಚಾಂಪಿಯನ್ನಿನ ಹಿಂದೆ ಕ್ಯಾಮೆರಾ ವರ್ಷವಿಡೀ ಓಡುತ್ತೆ. ಮಣ್ಣಿನ ತಿರುವಿನಲ್ಲಿ ಬೈಕುಗಳು ಸ್ಲೋ ಮೋಷನ್ನಿನಲ್ಲಿ ಅಡ್ಡ ಬರುವಾಗ ಮುಖ ನೋಡಬೇಡಿ, ಧೂಳು ನೋಡಬೇಡಿ. ಲಾಳ ಕಟ್ಟಿದ ಎಡಗಾಲು ನೋಡಿ, ಆಮೇಲೆ ರಿವೈಂಡ್ ಮಾಡಿ ಬಲಗೈ ನೋಡಿ. ನಮ್ಮ ಹಾಲಿನ ಹುಡುಗನಿಗೆ ಫೋನಿನಲ್ಲಿ ತೋರಿಸಿದೆ. ಎರಡು ಸಲ ನೋಡಿ, ‘ಇವರ ಅಪ್ಪನೂ ಡೈರಿಗೆ ಕಳಿಸ್ತಿದ್ರೇನೋ ಸಾರ್’ ಅಂದ.